ಅಣ್ಣಿಗೇರಿ ರಸ್ತೆಯ ಒದೆತ, ಅರಬೈಲ್ ಘಟ್ಟದ ಬಡಿತ: ಒಂದು ಟ್ರೇಲರ್ ಗಾಡಿಯ ಪ್ರಕರಣ ಅಧ್ಯಯನ

ಈ ಪ್ರಕರಣ ಹುಬ್ಬಳ್ಳಿಯ ಹೊರವಲಯದ ಒಂದು ಸಾರಿಗೆ ಸಂಸ್ಥೆಯದು. ಅಲ್ಲಿಯ ಗಾಡಿಗಳ ನಿರ್ವಹಣೆಯ ಹೊಣೆ ನನ್ನದು. ಸಂಸ್ಥೆಯಲ್ಲಿ ಎಂಜಿನ್ ಗಾಡಿಗಳಿಗಿಂತ ಟ್ರೇಲರುಗಳ ಸಂಖ್ಯೆ ಹೆಚ್ಚು. ಒಂದು ಟ್ರೇಲರ್ ಸರಕು ತುಂಬಿಸಿಕೊಳ್ಳುತ್ತ ನಿಂತಿದ್ದಾಗ ಎಂಜಿನ್ ಗಾಡಿ ಇನ್ನೊಂದನ್ನು ಕಟ್ಟಿಕೊಂಡು ಹೊರಟಿರುತ್ತದೆ, ಆದ್ದರಿಂದ ಯಾವ ಎಂಜಿನ್ ಗಾಡಿಗೆ ಯಾವ ಟ್ರೇಲರ್ ಎಂಬುದು ವಾರವಾರವೂ ಬದಲಾಗುತ್ತದೆ. ಮುಖ್ಯ ಸಾಗಣೆ ಉಕ್ಕಿನ ಕಾಯಿಲ್, ಎಂದರೆ ಸುರುಳಿ ಸುತ್ತಿದ ಉಕ್ಕಿನ ಹಾಳೆ. ಹೊಸಪೇಟೆ ಕಡೆಯಿಂದ ಹೊರಟ ಗಾಡಿ ಕೊಪ್ಪಳ, ಗದಗ, ಅಣ್ಣಿಗೇರಿ ಮಾರ್ಗವಾಗಿ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಹುಬ್ಬಳ್ಳಿಗೆ ಬರುತ್ತದೆ. ಇಲ್ಲಿಂದ ಹೆದ್ದಾರಿ 52ನ್ನು ಹಿಡಿದು ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲೆಯ ಕಡೆಗೆ ಹೋಗುತ್ತದೆ. ಒಂದೇ ಪ್ರಯಾಣದಲ್ಲಿ ಎರೆಭೂಮಿಯ ಅಲೆಯಲೆಯಾದ ರಸ್ತೆಯೂ ಮಲೆನಾಡಿನ ತಿರುವುಗಳ ಇಳಿಜಾರೂ ಸಿಗುವ ಈ ಮಾರ್ಗದಲ್ಲಿ ಎಂಜಿನ್ ಗಾಡಿಗೆ ಟ್ರೇಲರನ್ನು ಕೂಡಿಸುವ ಕೊಂಡಿಯೊಳಗಿನ ದೋಷ ಬಹಳ ಕಾಲ ಬಚ್ಚಿಟ್ಟುಕೊಳ್ಳಲಾರದು.

ದೂರು ತಂದವರು ಸಂಸ್ಥೆಯ ಹಿರಿಯ ಚಾಲಕರು. ಕ್ಲೀನರ್ ಹುಡುಗರೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಾರೆ. ಅವರು ಹೇಳಿದ ಮಾತನ್ನು ಜಾಬ್ ಕಾರ್ಡಿನಲ್ಲಿ ಅವರದೇ ಭಾಷೆಯಲ್ಲಿ ಬರೆದುಕೊಂಡಿದ್ದೇನೆ, ಏಕೆಂದರೆ ಮುಂದಿನ ತಪಾಸಣೆಗೆ ದಾರಿ ತೋರಿಸಿದ್ದು ಆ ಮಾತೇ. "ಸರ್ರ, ಅಣ್ಣಿಗೇರಿ ದಾಟಿದ ಮ್ಯಾಲ ಬ್ರೇಕ್ ಮುಟ್ಟದಿದ್ರೂ ಹಿಂದಿಂದ ಒದೀತೈತ್ರಿ, ಕುದರಿ ಮ್ಯಾಲ ಕುಂತಂಗ ಆಕ್ಕೈತಿ. ಅರಬೈಲ್ ಘಟ್ಟದಾಗ ಅದು ಬ್ಯಾರೆ ಥರಾ. ಬ್ರೇಕ್ ಒತ್ತಿದ ಕೂಡ್ಲೇ ಒಂದು ಬಡಿತ, ಆಮ್ಯಾಲ ಒಂದೀಟ ತಡದು ಮತ್ತೊಂದು. ತಿರುವಿನಾಗ ಸ್ಟೇರಿಂಗ್ ತಿರುಗಿ ಬರಂಗಿಲ್ರಿ, ಎಳದು ತರಬೇಕು."

ಇದರಲ್ಲಿ ಮೂರು ಬೇರೆ ಬೇರೆ ದೂರುಗಳಿವೆ: ಬ್ರೇಕ್ ಇಲ್ಲದೆ ಲಯವಾಗಿ ಬರುವ ಒದೆತ, ಬ್ರೇಕಿನೊಡನೆ ಬರುವ ಜೋಡಿ ಬಡಿತ, ಮತ್ತು ತಿರುವಿನ ಬಿಗಿತ. ಮಾಲೀಕರು ಮೂರನ್ನೂ ಒಂದೇ ಕಾಯಿಲೆಯೆಂದು ತಿಳಿದಿದ್ದರು. ಎರಡು ಇಂಚಿನ ಕಿಂಗ್ ಪಿನ್ (ಟ್ರೇಲರಿನ ಮುಂತಳದ ಉಕ್ಕಿನ ಗೂಟ) ಕೂಡಿಸುವ ಈಗಿನ ಫಿಫ್ತ್ ವೀಲ್ (ಆ ಗೂಟವನ್ನು ಹಿಡಿದು ಟ್ರೇಲರಿನ ಭಾರ ಹೊರುವ, ಎಂಜಿನ್ ಗಾಡಿಯ ಮೇಲಿನ ಪ್ಲೇಟು) ಭಾರಕ್ಕೆ ಸಾಲುತ್ತಿಲ್ಲ, ಅದನ್ನು ಮೂರೂವರೆ ಇಂಚಿನದಕ್ಕೆ ಬದಲಾಯಿಸಬೇಕು, ಇಲ್ಲವಾದರೆ ನಾಲ್ಕೂ ಕಡೆ ಬಾಗುವ ಪ್ಲೇಟನ್ನು ಹಾಕಿಸಬೇಕು ಎಂಬುದು ಅವರ ಅಭಿಪ್ರಾಯವಾಗಿತ್ತು. ಅಮೆರಿಕದ ಪಿಕಪ್ ಗಾಡಿಗಳಲ್ಲಿ ಗಾಳಿಚೀಲದ ಕೊಂಡಿ ಕೂಡಿಸಿ ಮನೆಯಂಥ ಟ್ರೇಲರುಗಳನ್ನು ನುಣುಪಾಗಿ ಎಳೆಯುವುದನ್ನು ಅವರ ಮಗ ಮೊಬೈಲಿನಲ್ಲಿ ತೋರಿಸಿದ್ದ. ಅದೂ ಚರ್ಚೆಯೊಳಗೆ ಬಂತು. ಕೊಂಡಿಯ ಬಗೆ ಬದಲಾದರೆ ಎಳೆತದ ಅನುಭವ ಬದಲಾಗುತ್ತದೆ ಎಂಬುದು ನಿಜ. ಆದರೆ ಯಾವ ಬಗೆ ಯಾವ ಅನುಭವವನ್ನು ಬದಲಾಯಿಸುತ್ತದೆ ಎಂಬುದನ್ನು ಬಿಡಿಸಿ ನೋಡದೆ ಹಣ ಸುರಿಯುವುದು ನನಗೆ ಒಪ್ಪಿಗೆಯಿರಲಿಲ್ಲ.

ಭಾರದ ಪ್ರಶ್ನೆ

ಮೊದಲು ಇತ್ಯರ್ಥವಾಗಬೇಕಾಗಿದ್ದು ಕೊಂಡಿ ಭಾರಕ್ಕೆ ಸಾಲುತ್ತದೆಯೇ ಎಂಬ ಪ್ರಶ್ನೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಪರಿಷ್ಕರಿಸಿದ ಆಕ್ಸಲ್ ಭಾರದ ಮಿತಿಯ ಪ್ರಕಾರ ಎರಡು ಆಕ್ಸಲಿನ ಎಂಜಿನ್ ಗಾಡಿಯ ಮೇಲೆ 18.5 ಟನ್, ಟ್ರೇಲರಿನ ಮೂರು ಆಕ್ಸಲುಗಳ ಗುಂಪಿನ ಮೇಲೆ 27 ಟನ್, ಹೀಗೆ ಒಟ್ಟು 45.5 ಟನ್ ಹೊರಬಹುದು. ಎಂಜಿನ್ ಗಾಡಿಯ ಸ್ವಂತ ತೂಕ ಸುಮಾರು 7 ಟನ್ ಎಂದಿಟ್ಟುಕೊಂಡರೆ ಫಿಫ್ತ್ ವೀಲಿನ ಮೇಲೆ ಕೂಡುವ ಭಾರ 11.5 ಟನ್ನಿನಷ್ಟಾಗುತ್ತದೆ ಮತ್ತು ಸರಕು ತುಂಬಿದ ಟ್ರೇಲರಿನ ಒಟ್ಟು ತೂಕ 38.5 ಟನ್ ಆಗುತ್ತದೆ. ಹಿಂದೆ ಮುಂದೆ ಬೀಳುವ ಬಲವನ್ನು ತಡೆಯುವ ಕೊಂಡಿಯ ಸಾಮರ್ಥ್ಯವನ್ನು ತಯಾರಕರು ಡಿ-ಮೌಲ್ಯ ಎಂಬ ಅಂಕಿಯಲ್ಲಿ ಕೊಡುತ್ತಾರೆ. ಎಂಜಿನ್ ಗಾಡಿಯ ತುಂಬಿದ ತೂಕವನ್ನೂ ಟ್ರೇಲರಿನ ತೂಕವನ್ನೂ ಗುಣಿಸಿ, ಬಂದದ್ದನ್ನು ಒಟ್ಟು ತೂಕದಿಂದ ಭಾಗಿಸಿ, ಅದನ್ನು 0.6ರಿಂದಲೂ 9.81ರಿಂದಲೂ ಗುಣಿಸಿದರೆ ಬೇಕಾದ ಮೌಲ್ಯ ಕಿಲೋನ್ಯೂಟನ್ನುಗಳಲ್ಲಿ ಸಿಗುತ್ತದೆ. ನಮ್ಮ ಗಾಡಿಗೆ ಅದು ಸುಮಾರು 92. ಪ್ಲೇಟಿನ ಬದಿಗೆ ಹೊಡೆದಿದ್ದ ತಗಡಿನ ಮೇಲಿನ ಅಂಕಿ ಇದಕ್ಕಿಂತ ಸಾಕಷ್ಟು ಮೇಲಿತ್ತು. ಶಕ್ತಿಯ ಕೊರತೆ ಇರಲಿಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು.

ಮೂರೂವರೆ ಇಂಚಿನ ಪಿನ್ನು ಅತಿ ಭಾರದ ಸಾಗಣೆಗೆ ಸಲ್ಲುವ ವಸ್ತು. ಗದಗಿನ ಕಪ್ಪತಗುಡ್ಡದ ಸಾಲಿನಲ್ಲಿ ನಿಂತಿರುವ ಗಾಳಿಯಂತ್ರಗಳಂಥವುಗಳ ಬೃಹತ್ ಭಾಗಗಳನ್ನು ಹೊರುವ ಕೆಲಸಕ್ಕೆ ಅದು ಬೇಕಾದೀತು. ಟ್ರೇಲರುಗಳು ಅದಲು ಬದಲಾಗುವ ಸಂಸ್ಥೆಯಲ್ಲಿ ಒಂದು ಎಂಜಿನ್ ಗಾಡಿಗೆ ಮಾತ್ರ ಅದನ್ನು ಕೂಡಿಸುವುದು ಅಪಾಯಕ್ಕೆ ದಾರಿ: ಮೂರೂವರೆ ಇಂಚಿನ ದವಡೆ (ಪಿನ್ನನ್ನು ಕಚ್ಚಿ ಹಿಡಿಯುವ ಭಾಗ) ಎರಡು ಇಂಚಿನ ಪಿನ್ನನ್ನು ಹಿಡಿದಂತೆ ತೋರಿದರೂ ಹಿಡಿದಿರುವುದಿಲ್ಲ. ಈ ಸಲಹೆಯನ್ನು ಅಲ್ಲಿಯೇ ಕೈಬಿಟ್ಟೆವು.

ಸಡಿಲ ಎಲ್ಲಿದೆ

ಫಿಫ್ತ್ ವೀಲಿನ ರಚನೆ ಕಣ್ಣಿಗೆ ಸರಳ. ಎಂಜಿನ್ ಗಾಡಿಯ ಚಾಸಿಯ ಮೇಲೆ, ನೆಲದಿಂದ ಸುಮಾರು 1.2ರಿಂದ 1.3 ಮೀಟರ್ ಎತ್ತರದಲ್ಲಿ, ಹಿಂಭಾಗ ಸೀಳಿದ ಒಂದು ದಪ್ಪ ಪ್ಲೇಟು. ಸೀಳಿನ ತಳದಲ್ಲಿ ದವಡೆ ಮತ್ತು ಅದರ ಲಾಕು. ಟ್ರೇಲರಿನ ಮುಂತಳದಿಂದ ಕೆಳಗಿಳಿದ ಕಿಂಗ್ ಪಿನ್ನು ಆ ಸೀಳಿನೊಳಗೆ ಜಾರಿ ಬಂದು ದವಡೆಗೆ ಸಿಕ್ಕಿಕೊಳ್ಳುತ್ತದೆ. ಭಾರವನ್ನು ಹೊರುವುದು ಪ್ಲೇಟು, ಎಳೆತವನ್ನೂ ತಳ್ಳಾಟವನ್ನೂ ತಡೆಯುವುದು ಪಿನ್ನು ಮತ್ತು ದವಡೆ. ಚಾಲಕನ ಬೆನ್ನಿಗೆ ತಾಕುವ ಒದೆತ ಹುಟ್ಟಬಹುದಾದ ಜಾಗಗಳು ಮಾತ್ರ ಹಲವು: ಪಿನ್ನಿನ ಸವೆತ, ದವಡೆಯ ಸವೆತ, ಪ್ಲೇಟನ್ನು ಹಿಡಿದಿರುವ ಸ್ಟ್ಯಾಂಡಿನ ರಬ್ಬರ್ ಬುಷ್ಷು, ಹಿಂದೆ ಮುಂದೆ ಜಾರುವ ಬಗೆಯ ಪ್ಲೇಟಾದರೆ ಅದರ ಹಳಿಯ ಗೂಟಗಳು, ಇವೆಲ್ಲವನ್ನೂ ಬಿಟ್ಟು ಕೊಂಡಿಗೆ ಸಂಬಂಧವೇ ಇಲ್ಲದ ಬ್ರೇಕು.

ಪಿನ್ನೋ ದವಡೆಯೋ ಎಂದು ತಿಳಿಯಲು ಅಳತೆಗೋಲು ಹಿಡಿಯುವ ಮೊದಲು ಅದಲು ಬದಲು ಮಾಡಿ ನೋಡುವುದೇ ಸರಿಯೆಂದು ನನ್ನ ನಿಲುವು. ದೂರು ಬಂದ ಎಂಜಿನ್ ಗಾಡಿಯನ್ನು ಮೊದಲನೆಯದು ಎನ್ನೋಣ, ಅದರ ಹಿಂದಿದ್ದ ಟ್ರೇಲರನ್ನು ಹಳೆಯದು ಎನ್ನೋಣ. ಇವುಗಳ ಜೊತೆಗೆ ದೂರಿಲ್ಲದ ಇನ್ನೊಂದು ಎಂಜಿನ್ ಗಾಡಿಯನ್ನೂ ಹೊಸದಾಗಿ ಬಂದ ಇನ್ನೊಂದು ಟ್ರೇಲರನ್ನೂ ತೆಗೆದುಕೊಂಡು ನಾಲ್ಕು ಜೋಡಿಗಳನ್ನು ಮಾಡಿದೆವು. ಪ್ರತಿ ಜೋಡಿಯಲ್ಲೂ ಟ್ರೇಲರಿನ ಬ್ರೇಕನ್ನು ಹಿಡಿಸಿ ನಿಲ್ಲಿಸಿ, ಎಂಜಿನ್ ಗಾಡಿಯನ್ನು ಮೆಲ್ಲಗೆ ಮುಂದಕ್ಕೂ ಹಿಂದಕ್ಕೂ ಅಲುಗಿಸಿ, ಪ್ಲೇಟಿಗೂ ಟ್ರೇಲರಿನ ತಳಕ್ಕೂ ನಡುವಿನ ಸರಿದಾಟವನ್ನು ಡಯಲ್ ಗೇಜಿನಿಂದ ಅಳೆಯಲಾಯಿತು. ಮೊದಲನೆಯ ಗಾಡಿ ಮತ್ತು ಹಳೆಯ ಟ್ರೇಲರಿಗೆ ಬಂದದ್ದು 4.5 ಮಿ.ಮೀ. ಅದೇ ಗಾಡಿಗೆ ಹೊಸ ಟ್ರೇಲರ್ ಕಟ್ಟಿದಾಗ 2.8. ಎರಡನೆಯ ಗಾಡಿಗೆ ಹಳೆಯ ಟ್ರೇಲರ್ ಕಟ್ಟಿದಾಗ 2.5, ಹೊಸದನ್ನು ಕಟ್ಟಿದಾಗ 0.8.

ಈ ನಾಲ್ಕು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ತಾನಾಗಿ ಹೊಮ್ಮುತ್ತದೆ. ಯಾವ ಟ್ರೇಲರ್ ಕಟ್ಟಿದರೂ ಮೊದಲನೆಯ ಗಾಡಿ 2 ಮಿ.ಮೀ. ಹೆಚ್ಚು ತೋರಿಸುತ್ತದೆ; ಯಾವ ಗಾಡಿಗೆ ಕಟ್ಟಿದರೂ ಹಳೆಯ ಟ್ರೇಲರ್ 1.7 ಮಿ.ಮೀ. ಹೆಚ್ಚು ತೋರಿಸುತ್ತದೆ. ಹೀಗಾಗಿ ದೋಷ ಎರಡೂ ಕಡೆ ಇದೆ, ಒಂದರ ಮೇಲೊಂದು ಕೂಡಿಕೊಂಡಿದೆ. ಎರಡೂ ಕೆಟ್ಟವು ಒಂದೇ ಪ್ರಯಾಣದಲ್ಲಿ ಜೊತೆಯಾದಾಗ ಮಾತ್ರ ದೂರು ಬರುತ್ತಿತ್ತು, ಬೇರೆ ಜೋಡಿಯಲ್ಲಿ ಅದೇ ಗಾಡಿ ಸುಮ್ಮನಿರುತ್ತಿತ್ತು. ಹಿಂದಿನ ತಪಾಸಣೆಗಳಲ್ಲಿ ಗ್ಯಾರೇಜಿನವರು "ಏನೂ ಇಲ್ರಿ, ಛಲೋ ಐತಿ" ಎಂದು ಗಾಡಿಯನ್ನು ತಿರುಗಿ ಕಳಿಸಿದ್ದಕ್ಕೆ ಕಾರಣ ಇದೇ. ಅವರು ನೋಡಿದ್ದು ಹೊಸ ಟ್ರೇಲರ್ ಕಟ್ಟಿದ್ದಾಗಿನ ಗಾಡಿಯನ್ನು.

ಕಿಂಗ್ ಪಿನ್ನನ್ನು ಅಳೆಯುವಾಗ ಒಂದು ಎಚ್ಚರಿಕೆ ಅಗತ್ಯ. ಪಿನ್ನು ಟ್ರೇಲರಿಗೆ ಗಟ್ಟಿಯಾಗಿ ಕೂಡಿರುತ್ತದೆ, ಎಳೆತ ಮತ್ತು ತಳ್ಳಾಟ ಅದರ ಮುಂಬದಿ ಹಿಂಬದಿಗಳಿಗೇ ಬೀಳುತ್ತವೆ, ಆದ್ದರಿಂದ ಅದು ಗುಂಡಗೆ ಸವೆಯದೆ ಮೊಟ್ಟೆಯಾಕಾರಕ್ಕೆ ಸವೆಯುತ್ತದೆ. ಹಳೆಯ ಟ್ರೇಲರಿನ ಪಿನ್ನು ಅಡ್ಡಲಾಗಿ 50.2 ಮಿ.ಮೀ. ತೋರಿಸಿತು. ಅಷ್ಟನ್ನೇ ನೋಡಿದ್ದರೆ ಪಿನ್ನು ಪಾಸಾಗುತ್ತಿತ್ತು. ಉದ್ದಲಾಗಿ ಅಳೆದಾಗ ಸಿಕ್ಕಿದ್ದು 48.8. ಹೊಸ ಎರಡು ಇಂಚಿನ ಪಿನ್ನಿನ ವ್ಯಾಸ 50.8 ಮಿ.ಮೀ., ಸವೆತದ ಕೊನೆಯ ಮಿತಿ 49 ಮಿ.ಮೀ. ಮಿತಿ ದಾಟಿದ ಪಿನ್ನಿಗೆ ವೆಲ್ಡ್ ತುಂಬಿಸಿ ಲೇತಿನಲ್ಲಿ ನುಣ್ಣಗೆ ಮಾಡಿಸಿಕೊಂಡು ಬರುವ ಆಸೆ ಎಲ್ಲರಿಗೂ ಆಗುತ್ತದೆ, ಹುಬ್ಬಳ್ಳಿಯಲ್ಲಿ ಒಳ್ಳೆಯ ಲೇತ್ ಕೆಲಸದವರಿಗೆ ಬರವೂ ಇಲ್ಲ. ಇದನ್ನು ಎಂದೂ ಮಾಡಬಾರದು. ಕಿಂಗ್ ಪಿನ್ನು ಬಡಿದು ಹದಗೊಳಿಸಿದ ಮಿಶ್ರಲೋಹದ ಉಕ್ಕು. ವೆಲ್ಡಿನ ಕಾವಿಗೆ ಆ ಹದ ಕೆಡುತ್ತದೆ, ಕಣ್ಣಿಗೆ ಕಾಣದ ಬಿರುಕು ಒಳಗೆ ಉಳಿಯುತ್ತದೆ, 38 ಟನ್ನಿನ ಟ್ರೇಲರು ಆ ಬಿರುಕಿಗೆ ಜೋತುಬಿದ್ದು ಘಟ್ಟ ಇಳಿಯುತ್ತದೆ. ಮಿಸ್ತ್ರಿಯವರೂ ಇದನ್ನೇ ಹೇಳಿದರು, ಹೊಸ ಪಿನ್ನು ತರಿಸಿ ಕೂಡಿಸಲಾಯಿತು.

ದವಡೆಯ ವಿಷಯ ಇದಕ್ಕಿಂತ ಸೂಕ್ಷ್ಮ. ಮೊದಲನೆಯ ಗಾಡಿಯ ದವಡೆಯ ಸಡಿಲವನ್ನು ಸರಿಪಡಿಸಲು ತಯಾರಕರೇ ಒಂದು ಹೊಂದಾಣಿಕೆಯ ಬೋಲ್ಟನ್ನು ಕೊಟ್ಟಿದ್ದರು, ಅದನ್ನು ಯಾರೂ ಮುಟ್ಟಿರಲಿಲ್ಲ. ಅದನ್ನು ತಿರುಗಿಸಿದರೆ ಕೆಲಸ ಮುಗಿಯುತ್ತದೆ ಎನ್ನಿಸಬಹುದು. ಎದುರಿಗೆ ಕಟ್ಟಿರುವ ಸವೆದ ಪಿನ್ನಿಗೆ ಸರಿಯಾಗಿ ಬಿಗಿ ಮಾಡಿದರೆ ಆ ದಿನ ಒದೆತವೂ ನಿಲ್ಲುತ್ತದೆ. ಆದರೆ ಮರುದಿನ ಅದೇ ಗಾಡಿಗೆ ಹೊಸ ಪಿನ್ನಿನ ಟ್ರೇಲರ್ ಕಟ್ಟಿದಾಗ ದವಡೆ ಪೂರ್ತಿ ಮುಚ್ಚುವುದಿಲ್ಲ. ಲಾಕಿನ ಹಿಡಿಕೆ ಅರ್ಧ ಒಳಗೆ ಹೋಗಿ ನಿಲ್ಲುತ್ತದೆ, ಕತ್ತಲಲ್ಲಿ ಲಾಕ್ ಬಿದ್ದಂತೆ ಕಾಣುತ್ತದೆ. ಟ್ರೇಲರ್ ಬದಲಾಯಿಸುವ ಸಂಸ್ಥೆಗಳಲ್ಲಿ ದವಡೆಯನ್ನು ಯಾವಾಗಲೂ ಹೊಸ ಪಿನ್ನಿನ ಅಳತೆಗೇ ಕೂಡಿಸಬೇಕು, ಸವೆದ ಪಿನ್ನಿಗೆ ಹೊಂದಿಸಬಾರದು. ಮೊದಲು ಪಿನ್ನು ಬದಲಾಯಿಸಿ ಅನಂತರ ದವಡೆಯನ್ನು ಹೊಂದಿಸಿದ ಕ್ರಮಕ್ಕೆ ಕಾರಣ ಇದು. ಟ್ರೇಲರ್ ಕಟ್ಟಿದ ಮೇಲೆ ಬ್ಯಾಟರಿ ಹಿಡಿದು ಕೆಳಗೆ ಬಗ್ಗಿ ದವಡೆ ಪಿನ್ನನ್ನು ಸುತ್ತಿದೆಯೇ ಎಂದು ಕಣ್ಣಾರೆ ನೋಡುವುದನ್ನೂ, ಟ್ರೇಲರಿನ ಬ್ರೇಕ್ ಹಿಡಿಸಿ ಒಮ್ಮೆ ಜಗ್ಗಿ ನೋಡುವುದನ್ನೂ ಯಾವ ಗಡಿಬಿಡಿಯಲ್ಲಿಯೂ ಬಿಡಬಾರದು.

ಎರೆಭೂಮಿಯ ಅಲೆ, ಘಟ್ಟದ ಜೋಡಿ ಬಡಿತ

ಸಡಿಲ ಪತ್ತೆಯಾದರೂ ಕಾಕಾ ಹೇಳಿದ ಎರಡು ಬಗೆಯ ಬಡಿತಗಳಿಗೆ ಪೂರ್ತಿ ಉತ್ತರ ಸಿಕ್ಕಿರಲಿಲ್ಲ. ಸಡಿಲವೊಂದೇ ಇದ್ದರೆ ಒದೆತ ಹುಟ್ಟುವುದಿಲ್ಲ. ಆ ಸಂದಿನೊಳಗೆ ಪಿನ್ನನ್ನು ಹಿಂದೆ ಮುಂದೆ ಓಡಿಸುವ ಬಲ ಬೇಕು. ಅಣ್ಣಿಗೇರಿಯ ಸುತ್ತಲಿನ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿದು ಕುಗ್ಗುತ್ತದೆ, ಅದರ ಮೇಲಿನ ಡಾಂಬರು ಎಷ್ಟು ಸಲ ಹಾಸಿದರೂ ಉದ್ದುದ್ದ ಅಲೆಗಳಾಗಿ ಏಳುತ್ತದೆ. ಈ ಅಲೆಗಳ ಮೇಲೆ ಎಂಜಿನ್ ಗಾಡಿ ಮುಂದಕ್ಕೂ ಹಿಂದಕ್ಕೂ ತೊನೆಯುತ್ತದೆ. ಪ್ಲೇಟು ಆ ತೊನೆತದ ಕೇಂದ್ರಕ್ಕಿಂತ ಎತ್ತರದಲ್ಲಿರುವುದರಿಂದ ಪ್ರತಿ ತೊನೆತಕ್ಕೂ ಅದು ಟ್ರೇಲರಿಗೆ ಹೋಲಿಸಿದರೆ ತುಸು ಮುಂದಕ್ಕೆ, ತುಸು ಹಿಂದಕ್ಕೆ ಸರಿಯುತ್ತದೆ. ಸಂದಿಲ್ಲದ ಕೊಂಡಿಯಲ್ಲಿ ಈ ಸರಿದಾಟ ಮೆಲ್ಲನೆಯ ಜಗ್ಗಾಟವಾಗಿ ಕಳೆದುಹೋಗುತ್ತದೆ. ಸಂದಿದ್ದರೆ ಪ್ರತಿ ಅಲೆಗೂ ಎರಡು ಸಲ ಉಕ್ಕು ಉಕ್ಕಿಗೆ ಬಡಿಯುತ್ತದೆ. ಬ್ರೇಕ್ ಮುಟ್ಟದಿದ್ದರೂ ಲಯವಾಗಿ ಒದೆತ ಬರುವುದು ಹೀಗೆ.

ಘಟ್ಟದ ಜೋಡಿ ಬಡಿತದ ಮೂಲ ಬೇರೆ. ಬ್ರೇಕ್ ಒತ್ತಿದ ಕೂಡಲೇ ಬರುವ ಮೊದಲ ಬಡಿತ ಎಂಜಿನ್ ಗಾಡಿ ನಿಧಾನವಾದಾಗ ಟ್ರೇಲರ್ ಹಿಂದಿನಿಂದ ಬಂದು ತಳ್ಳಿದ್ದು. ತುಸು ತಡೆದು ಬರುವ ಎರಡನೆಯದು ಟ್ರೇಲರಿನ ಬ್ರೇಕು ತಡವಾಗಿ, ಆದರೆ ಹೆಚ್ಚು ಬಲವಾಗಿ ಹಿಡಿದು ಎಂಜಿನ್ ಗಾಡಿಯನ್ನು ಹಿಂದಕ್ಕೆ ಎಳೆದದ್ದು. ಎಂದರೆ ಕೊಂಡಿಯ ಸಡಿಲದ ಜೊತೆಗೆ ಬ್ರೇಕಿನ ಹೊತ್ತೂ ತಪ್ಪಿದೆ. ಚಾಲಕರು "ಒಂದೀಟ ತಡದು" ಎಂದು ಹೇಳಿರದಿದ್ದರೆ ನಾವು ಟ್ರೇಲರಿನ ಬ್ರೇಕನ್ನು ಬಿಚ್ಚಿ ನೋಡುವುದು ಬಹಳ ತಡವಾಗುತ್ತಿತ್ತು. ನೋಡಿದಾಗ ಟ್ರೇಲರಿನ ಬ್ರೇಕುಗಳಿಗೆ ಗಾಳಿ ಬಿಡುವ ರಿಲೇ ವಾಲ್ವಿನೊಳಗೆ ಕೊಳೆ ಕಟ್ಟಿ ಗಾಳಿ ತಡವಾಗಿ ದಾಟುತ್ತಿತ್ತು. ಒಂದು ಆಕ್ಸಲಿನ ಸ್ಲ್ಯಾಕ್ ಅಡ್ಜಸ್ಟರುಗಳು (ಬ್ರೇಕಿನ ಸಡಿಲವನ್ನು ಹೊಂದಿಸುವ ತೋಳುಗಳು) ಉಳಿದವುಗಳಿಗಿಂತ ಬಿಗಿಯಾಗಿದ್ದವು.

ಇಲ್ಲಿ ಒಂದು ಲೆಕ್ಕವನ್ನು ಬಿಡಿಸಿ ಹೇಳುವುದು ಅವಶ್ಯವೆಂದು ನನಗೆ ಅನ್ನಿಸುತ್ತದೆ, ಏಕೆಂದರೆ ಈ ಪ್ರಕರಣದ ತಿರುಳು ಅದರಲ್ಲಿದೆ. ಪಿನ್ನು ಸಂದನ್ನು ದಾಟಿ ದವಡೆಗೆ ತಾಕುವಾಗಿನ ವೇಗದ ವರ್ಗವು ಎರಡು ಸಂಗತಿಗಳ ಗುಣಲಬ್ಧದ ಎರಡರಷ್ಟು: ಒಂದು, ಗಾಡಿ ಮತ್ತು ಟ್ರೇಲರುಗಳು ನಿಧಾನವಾಗುವ ದರದ ನಡುವಿನ ವ್ಯತ್ಯಾಸ, ಇನ್ನೊಂದು, ಸಂದಿನ ಅಗಲ. ಬಡಿತದ ಶಕ್ತಿ ಈ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವ್ಯತ್ಯಾಸ ಸೆಕೆಂಡಿನ ವರ್ಗಕ್ಕೆ 1 ಮೀಟರ್, ಸಂದು 4.5 ಮಿ.ಮೀ. ಎಂದುಕೊಂಡರೆ ಟ್ರೇಲರು ಸೆಕೆಂಡಿಗೆ 9ರಿಂದ 10 ಸೆಂ.ಮೀ. ವೇಗದಲ್ಲಿ ಬಂದು ತಾಕುತ್ತದೆ. ಕೇಳಲು ಅತಿ ಕಡಿಮೆ ವೇಗ, ಆದರೆ ತಾಕುವುದು 38 ಟನ್, ತಡೆಯುವುದು ಬಾಗದ ಉಕ್ಕು. ಸಂದನ್ನು ಅರ್ಧ ಮಾಡಿದರೆ ಬಡಿತದ ಶಕ್ತಿ ಅರ್ಧವಾಗುತ್ತದೆ. ಬ್ರೇಕಿನ ವ್ಯತ್ಯಾಸವನ್ನು ಅರ್ಧ ಮಾಡಿದರೂ ಅಷ್ಟೇ ಇಳಿಯುತ್ತದೆ. ಎರಡನ್ನೂ ಮಾಡಿದರೆ ಕಾಲುಭಾಗಕ್ಕೆ ಬರುತ್ತದೆ. ಸಂದನ್ನು ಹಾಗೆಯೇ ಬಿಟ್ಟು ಕೊಂಡಿಯನ್ನು ಇಮ್ಮಡಿ ದಪ್ಪ ಮಾಡಿದರೆ ಈ ಲೆಕ್ಕದಲ್ಲಿ ಏನೂ ಬದಲಾಗುವುದಿಲ್ಲ. ಮಾಲೀಕರಿಗೆ ಈ ಮಾತನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಮೂರೂವರೆ ಇಂಚಿನ ವಿಚಾರ ಮತ್ತೆ ಬರಲಿಲ್ಲ.

ತಿರುವಿನ ಬಿಗಿತಕ್ಕೆ ಕಾರಣ ಪ್ಲೇಟಿನ ಮೇಲ್ಮೈ. ಹಳೆಯ ಗ್ರೀಸಿನ ಮೇಲೆ ಹೊಸ ಗ್ರೀಸನ್ನು ಮೆತ್ತುತ್ತ ಹೋಗಿದ್ದರು, ಅದರೊಳಗೆ ಎರೆಮಣ್ಣಿನ ಧೂಳು ಸೇರಿ ಗಟ್ಟಿ ಪದರವಾಗಿತ್ತು. ಹನ್ನೊಂದೂವರೆ ಟನ್ ಭಾರದಡಿಯಲ್ಲಿ ಪ್ಲೇಟು ತಿರುಗಲು ಒಪ್ಪದಿದ್ದರೆ ಎಂಜಿನ್ ಗಾಡಿಯ ಮೂತಿ ತಿರುವಿನಲ್ಲಿ ನೇರಕ್ಕೆ ಹೋಗಲು ನೋಡುತ್ತದೆ, ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ಮರಳುವುದಿಲ್ಲ. ಹಳೆಯದನ್ನು ಪೂರ್ತಿ ಕೆರೆದು, ಡೀಸೆಲಿನಿಂದ ತೊಳೆದು, ಹೊಸ ಗ್ರೀಸ್ ಹಚ್ಚಲಾಯಿತು. ಗ್ರೀಸ್ ಬೇಡದ ಪ್ಲಾಸ್ಟಿಕ್ ಹಾಸಿನ ಪ್ಲೇಟುಗಳೂ ಇವೆ. ಧೂಳಿನ ಈ ಸೀಮೆಯಲ್ಲಿ ಅವುಗಳ ಲಾಭ ನಿಜವಾದದ್ದು, ಮುಂದೆ ಪ್ಲೇಟು ಬದಲಾಯಿಸುವ ಕಾಲ ಬಂದರೆ ಅದನ್ನೇ ಆರಿಸುವಂತೆ ನಾನು ಹೇಳುತ್ತೇನೆ. ಆದರೆ ಆ ಹಾಸಿನ ದಪ್ಪಕ್ಕೆ ತಕ್ಕಂತೆ ಪಿನ್ನಿನ ಎತ್ತರ ಹೊಂದಬೇಕು, ಇಲ್ಲವಾದರೆ ಮೇಲೆ ಕೆಳಗಿನ ಹೊಸ ಸಡಿಲವೊಂದು ಹುಟ್ಟಿಕೊಳ್ಳುತ್ತದೆ.

ಬೇರೆ ಬಗೆಯ ಕೊಂಡಿಗಳ ವಿಚಾರ

ನಾಲ್ಕೂ ಕಡೆ ಬಾಗುವ ಪ್ಲೇಟಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮಾಲೀಕರ ಒಲವು ಅದರ ಕಡೆಗೇ ಹೆಚ್ಚಿತ್ತು ಮತ್ತು ಅದು ಈ ಗಾಡಿಗೆ ಕೇಡು ಮಾಡುತ್ತಿತ್ತು. ನಮ್ಮಲ್ಲಿ ಸಾಮಾನ್ಯವಾಗಿರುವ ಪ್ಲೇಟು ಮುಂದೆ ಹಿಂದೆ ಮಾತ್ರ ಬಾಗುತ್ತದೆ, ಎಡಬಲಕ್ಕೆ ಬಾಗುವುದಿಲ್ಲ. ಹಾಗಾಗಿ ತಿರುವಿನಲ್ಲಿ ಟ್ರೇಲರ್ ಒಂದು ಬದಿಗೆ ವಾಲತೊಡಗಿದರೆ ಎಂಜಿನ್ ಗಾಡಿಯ ಚಾಸಿ ಅದನ್ನು ತಡೆದು ಹಿಡಿಯುತ್ತದೆ, ಆ ವಾಲುವಿಕೆ ಚಾಲಕನ ಸೀಟಿಗೆ ಮುಟ್ಟುತ್ತದೆ, ಅವನು ವೇಗ ಇಳಿಸುತ್ತಾನೆ. ನಾಲ್ಕೂ ಕಡೆ ಬಾಗುವ ಪ್ಲೇಟಿನಲ್ಲಿ ಈ ತಡೆಯೂ ಇಲ್ಲ, ಈ ಸೂಚನೆಯೂ ಇಲ್ಲ. ಸೀಟಿನಲ್ಲಿ ಕುಳಿತವನಿಗೆ ಗಾಡಿ ಬಹಳ ಹಿತವೆನಿಸುತ್ತದೆ; ಹಿಂದೆ ಟ್ರೇಲರಿನ ಒಳಬದಿಯ ಚಕ್ರ ನೆಲ ಬಿಡುತ್ತಿದ್ದರೂ ಅವನಿಗೆ ತಿಳಿಯುವುದು ತಡ. ಅಂಥ ಪ್ಲೇಟಿಗೆ ಅದರದೇ ಜಾಗವಿದೆ. ತನ್ನ ಮೈ ತಿರುಚಿಕೊಳ್ಳಲಾರದ ಗಟ್ಟಿ ಟ್ರೇಲರು ಹಳ್ಳದಿಣ್ಣೆಯ ನೆಲದ ಮೇಲೆ ನಿಧಾನವಾಗಿ ಹೋಗುವಾಗ, ಭಾರದ ಕೇಂದ್ರ ತಗ್ಗಿನಲ್ಲಿರುವಾಗ, ಎಡಬಲದ ಬಾಗು ಇಲ್ಲದಿದ್ದರೆ ಚಾಸಿಗಳು ಒಂದನ್ನೊಂದು ತಿರುಚಿ ಬಿರುಕು ಬಿಡುತ್ತವೆ. ಇವೆರಡರ ನಡುವೆ ಎಡಬಲಕ್ಕೆ ಸೀಮಿತ ಕೋನದಷ್ಟೇ ಬಾಗುವ ಪ್ಲೇಟೂ ಇದೆ. ಕಾಯಿಲ್ ಹೊರುವ ನಮ್ಮ ಟ್ರೇಲರಿನ ಹಾಸು ತಾನೇ ಸಾಕಷ್ಟು ತಿರುಚಿಕೊಳ್ಳುವಂಥದು, ಹೊರುವ ಭಾರ ಹಾಸಿನ ಮೇಲೆ ಎತ್ತರದಲ್ಲಿ ಕೂತಿರುವಂಥದು, ದಾರಿ ಘಟ್ಟದ್ದು. ಹಿತಕ್ಕಾಗಿ ಸೂಚನೆಯನ್ನು ಕಳೆದುಕೊಳ್ಳುವ ಈ ವ್ಯಾಪಾರಕ್ಕೆ ನಾನು ಒಪ್ಪಿಗೆ ಕೊಡಲಿಲ್ಲ.

ಹಿಂದೆ ಮುಂದೆ ಜಾರಿಸಬಹುದಾದ ಪ್ಲೇಟಿನ ಲಾಭ ಭಾರದ ಹಂಚಿಕೆ. ಪ್ಲೇಟು ಹಿಂದಿನ ಆಕ್ಸಲಿಗಿಂತ ಎಷ್ಟು ಮುಂದಿದೆ ಎಂಬುದನ್ನು ಚಕ್ರಾಂತರದಿಂದ (ಎಂಜಿನ್ ಗಾಡಿಯ ಮುಂದಿನ ಹಿಂದಿನ ಆಕ್ಸಲುಗಳ ನಡುವಿನ ದೂರ) ಭಾಗಿಸಿದರೆ ಟ್ರೇಲರಿನ ಭಾರದಲ್ಲಿ ಎಷ್ಟು ಪಾಲು ಸ್ಟೇರಿಂಗ್ ಆಕ್ಸಲಿಗೆ ಹೋಗುತ್ತದೆ ಎಂದು ಗೊತ್ತಾಗುತ್ತದೆ. ಚಕ್ರಾಂತರ 3.5 ಮೀಟರ್, ಪ್ಲೇಟು 35 ಸೆಂ.ಮೀ. ಮುಂದಿದ್ದರೆ 11.5 ಟನ್ನಿನಲ್ಲಿ 1.15 ಟನ್ ಮುಂದಕ್ಕೆ ಬೀಳುತ್ತದೆ, 10 ಸೆಂ.ಮೀ. ಸರಿಸಿದರೆ 300 ಕೆ.ಜಿ.ಗೂ ಹೆಚ್ಚು ವ್ಯತ್ಯಾಸ. ಆದರೆ ಜಾರುವ ಹಳಿ ಎಂದರೆ ಸವೆಯುವ ಇನ್ನೊಂದು ಕೀಲು, ಸಡಿಲಕ್ಕೆ ಇನ್ನೊಂದು ಮನೆ. ನಮ್ಮ ಗಾಡಿಯ ಸ್ಟೇರಿಂಗ್ ಕೆಲವೊಮ್ಮೆ ಹಗುರವೆನಿಸುತ್ತಿದ್ದುದಕ್ಕೆ ಕಾರಣ ಪ್ಲೇಟಿನ ಜಾಗವಲ್ಲ, ಕಾಯಿಲುಗಳನ್ನು ಟ್ರೇಲರಿನ ಹಿಂದಿನ ಆಕ್ಸಲುಗಳ ಮೇಲೆಯೇ ಕೂಡಿಸುತ್ತಿದ್ದ ರೂಢಿ. ಹಾಸು ಬಾಗಬಾರದೆಂಬ ಕಾಳಜಿಯಿಂದ ಹಾಗೆ ಮಾಡುತ್ತಿದ್ದರು. ಕಾಯಿಲಿನ ಜಾಗವನ್ನು ಹಾಸಿನ ಮೇಲೆ ಬಣ್ಣದ ಗೆರೆಯಿಂದ ಗುರುತಿಸಿ ತುಸು ಮುಂದಕ್ಕೆ ತಂದದ್ದರಿಂದ ಖರ್ಚಿಲ್ಲದೆ ಅದು ಸರಿಯಾಯಿತು.

ಅಮೆರಿಕದ ಗಾಳಿಚೀಲದ ಕೊಂಡಿಯ ಬಗ್ಗೆ ಮಾಲೀಕರ ಮಗ ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಅಲ್ಲಿಯ ಪಿಕಪ್ ಗಾಡಿಗಳ ತೊಟ್ಟಿಯೊಳಗೆ ಕೂಡಿಸುವ ಫಿಫ್ತ್ ವೀಲಿಗೂ ಎರಡು ಇಂಚಿನ ಕಿಂಗ್ ಪಿನ್ನೇ. ಪಿನ್ನನ್ನು ಒಂದೇ ತುಂಡಾಗಿ ಸುತ್ತುವ ದವಡೆ, ಎರಡು ಕಡೆಯಿಂದ ಮುಚ್ಚುವ ಜೋಡಿ ದವಡೆ, ಹಿಂದಿನಿಂದ ಅಡ್ಡ ಸರಿಯುವ ಸರಳು, ಹೀಗೆ ಬಗೆಗಳಿವೆ. ಪಿನ್ನನ್ನು ಎಷ್ಟು ಪೂರ್ತಿಯಾಗಿ ಸುತ್ತಿದರೆ ಸದ್ದೂ ಜಗ್ಗಾಟವೂ ಅಷ್ಟು ಕಡಿಮೆ. ಅಲ್ಲಿ ಪಿನ್ನಿನ ಮೇಲೆ ಬೀಳುವ ಭಾರ ಸಾಮಾನ್ಯವಾಗಿ ಒಂದು ಟನ್ನಿನ ಆಸುಪಾಸಿನದು, ಆದ್ದರಿಂದ ಕೊಂಡಿಯೊಳಗೆ ಗಾಳಿಚೀಲ ಅಥವಾ ರಬ್ಬರನ್ನು ಇಟ್ಟು ಮೆತ್ತಗೆ ಮಾಡಲು ಬರುತ್ತದೆ. ಹನ್ನೊಂದು ಟನ್ ಹೊರುವ ನಮ್ಮ ಕೊಂಡಿಯಲ್ಲಿ ಆ ಮೆತ್ತನೆಯ ಕೆಲಸವನ್ನು ಗಾಡಿಯ ಸಸ್ಪೆನ್ಶನ್ನೇ ಮಾಡಬೇಕು. ಹಗುರ ಗಾಡಿಯಿಂದ ಇಲ್ಲಿಗೆ ತರಬೇಕಾದದ್ದು ಚೀಲವನ್ನಲ್ಲ, ಪಿನ್ನನ್ನು ಸಂದಿಲ್ಲದೆ ಹಿಡಿಯಬೇಕೆಂಬ ಅವರ ಶಿಸ್ತನ್ನು.

ಫಲಿತಾಂಶ

ಹೊಸ ಪಿನ್ನು, ಹೊಂದಿಸಿದ ದವಡೆ, ತೊಳೆದ ಪ್ಲೇಟು, ಸರಿಪಡಿಸಿದ ವಾಲ್ವು ಮತ್ತು ಅಡ್ಜಸ್ಟರುಗಳೊಡನೆ ಅದೇ ಜೋಡಿಯನ್ನು ಅದೇ ಭಾರದೊಡನೆ ಅದೇ ದಾರಿಗೆ ಕಳಿಸಲಾಯಿತು, ಕಾಕಾ ಅವರ ಪಕ್ಕದಲ್ಲಿ ನಾನೂ ಕುಳಿತಿದ್ದೆ. ನಿಲ್ಲಿಸಿ ಅಳೆದಾಗ ಸಂದು 1 ಮಿ.ಮೀ. ಒಳಗಿತ್ತು. ಘಟ್ಟದಲ್ಲಿ ಎರಡನೆಯ ಬಡಿತ ಪೂರ್ತಿ ನಿಂತಿತ್ತು. ಮೊದಲನೆಯದು ಜೋರಾಗಿ ಬ್ರೇಕ್ ಒತ್ತಿದಾಗ ಮಾತ್ರ ಮೆಲ್ಲಗೆ ತಿಳಿಯುತ್ತಿತ್ತು. ತಿರುವುಗಳಲ್ಲಿ ಸ್ಟೇರಿಂಗ್ ತಾನೇ ಮರಳುತ್ತಿತ್ತು. ಅಣ್ಣಿಗೇರಿಯ ಅಲೆಗಳ ಮೇಲೆ ಒದೆತ ಹೋಗಿದ್ದರೂ ತೊನೆತ ಉಳಿದಿತ್ತು. ಅದು ಕೊಂಡಿಯದಲ್ಲ, ಕಿರಿದಾದ ಚಕ್ರಾಂತರ, ಪಟ್ಟಿ ಸ್ಪ್ರಿಂಗು ಮತ್ತು ರಸ್ತೆಯ ಅಲೆಯ ಉದ್ದ ಇವು ಒಂದಕ್ಕೊಂದು ಕೂಡಿದಾಗ ಹುಟ್ಟುವಂಥದು, ವೇಗವನ್ನು ತುಸು ಇಳಿಸಿದರೆ ಕಡಿಮೆಯಾಗುತ್ತದೆ. ಕಾಕಾ ಅವರಿಗೆ ಇದನ್ನು ಹೇಳಿದಾಗ "ಅದರ ಚಿಂತಿಲ್ರಿ, ಅದು ರಸ್ತೇದು ಅಂತ ಗೊತ್ತಾತಲ್ಲ" ಎಂದರು.

ಸಂಸ್ಥೆಯಲ್ಲಿ ಈಗ ಪ್ರತಿ ಟ್ರೇಲರಿನ ನಂಬರಿನೆದುರು ಕಿಂಗ್ ಪಿನ್ನಿನ ಎರಡು ಅಳತೆಗಳನ್ನು, ಉದ್ದಲಾಗಿಯೂ ಅಡ್ಡಲಾಗಿಯೂ, ಟೈರ್ ಬದಲಾಯಿಸುವ ಹೊತ್ತಿಗೆ ಬರೆದಿಡಲಾಗುತ್ತದೆ. 49.5ಕ್ಕೆ ಇಳಿದ ಪಿನ್ನಿಗೆ ಹೊಸದನ್ನು ತರಿಸಲು ಹೇಳುತ್ತೇವೆ, 49ರವರೆಗೆ ಕಾಯುವುದಿಲ್ಲ. ದೂರಿನ ಚೀಟಿಯಲ್ಲಿ "ಜರ್ಕ್" ಎಂಬ ಒಂದೇ ಪದವನ್ನು ಸ್ವೀಕರಿಸುವುದನ್ನು ನಿಲ್ಲಿಸಿದ್ದೇವೆ. ಬ್ರೇಕಿನೊಡನೆಯೋ ಬ್ರೇಕಿಲ್ಲದೆಯೋ, ಒಂದು ಸಲವೋ ಎರಡು ಸಲವೋ, ತುಂಬಿದ್ದಾಗಲೋ ಖಾಲಿಯಿದ್ದಾಗಲೋ, ಹಿಂದೆ ಯಾವ ಟ್ರೇಲರಿತ್ತು ಎಂಬಿಷ್ಟನ್ನು ಚಾಲಕರಿಂದ ಕೇಳಿ ಬರೆದುಕೊಳ್ಳುತ್ತೇವೆ. ಉಳಿದಿರುವ ಒಂದು ಕೆಲಸ ಮೊದಲನೆಯ ಗಾಡಿಯ ಸ್ಟ್ಯಾಂಡಿನ ರಬ್ಬರ್ ಬುಷ್ಷುಗಳದು. ಖಾಲಿ ಟ್ರೇಲರಿನೊಡನೆ ಮರಳುವಾಗ ಗುಂಡಿಗಳಲ್ಲಿ ಕೆಳಗಿನಿಂದ ಮೇಲಕ್ಕೆ ಒಂದು ಸಣ್ಣ ಸದ್ದು ಬರುತ್ತಿದೆ, ಪ್ಲೇಟಿನಡಿ ಹಾರೆ ಕೊಟ್ಟು ಎತ್ತಿ ನೋಡಿದರೆ ಬಲಗಡೆಯ ಬುಷ್ಷು ಎಡಗಡೆಯದಕ್ಕಿಂತ ಹೆಚ್ಚು ಅಲುಗುತ್ತದೆ. ಎರಡನ್ನೂ ಒಟ್ಟಿಗೆ ಬದಲಾಯಿಸಲು ಹೇಳಿದ್ದೇನೆ, ಗಾಡಿ ಮುಂದಿನ ಸರ್ವಿಸಿಗೆ ಬಂದಾಗ ಅದು ಆಗಬೇಕು.